ಫ್ಲೇಂಜಿಗೆ ಕಚ್ಚು ಹಾಕದೆ ಕಟ್ಟಿದ ಚಾವಣಿ

ಮರದ ಐ-ಬೀಮನ್ನು ಮೊದಲ ಸಲ ನೋಡಿದವರಿಗೆ ಅನುಮಾನ ಬಂದೇ ಬರುತ್ತದೆ. ಮೇಲೊಂದು ಮರದ ಪಟ್ಟಿ, ಕೆಳಗೊಂದು ಮರದ ಪಟ್ಟಿ, ನಡುವೆ ಬರೀ 10 ಮಿ.ಮೀ. ದಪ್ಪದ, ಮರದ ಚಕ್ಕೆ ಅಂಟಿಸಿ ಒತ್ತಿ ಮಾಡಿದ ಓಎಸ್‌ಬಿ ಹಲಗೆ. ನಮ್ಮ ಬಡಗಿ ಅದನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಪಕ್ಕಾಸಾ, ಇಲ್ಲಾ ಪೆಟ್ಟಿಗೆ ಮಾಡೋ ಹಲಗೆನಾ?" ಅಂದರು. ಅವರದು ಇಡೀ ಜೀವಮಾನ ಗಟ್ಟಿ ಮರದಲ್ಲೇ ಪಳಗಿದ ಕೈ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾವು ಕಟ್ಟುತ್ತಿದ್ದುದು ಒಂದು ಕೆಲಸದ ಶೆಡ್. ಅಗಲ 7.2 ಮೀಟರ್, ಉದ್ದ 9 ಮೀಟರ್. ಎರಡೂ ಕಡೆ 25 ಡಿಗ್ರಿ ಇಳಿಜಾರಿನ ಗೇಬಲ್ ಚಾವಣಿ. ನನಗೆ ಎರಡು ಆಸೆ ಇತ್ತು. ಒಳಗೆ ಅಡ್ಡ ತೊಲೆ ಇರಬಾರದು, ನೆತ್ತಿವರೆಗೂ ಬಯಲಾಗಿರಬೇಕು. ಜೊತೆಗೆ ಚಾವಣಿಯ ದಪ್ಪದೊಳಗೇ 250 ಮಿ.ಮೀ. ಇನ್ಸುಲೇಷನ್ ಕೂರಬೇಕು. ಈ ಎರಡೂ ಸೇರಿದರೆ ಪಕ್ಕಾಸು 300 ಮಿ.ಮೀ. ಎತ್ತರ ಇರಲೇಬೇಕು. ಅಷ್ಟು ಎತ್ತರದ ಗಟ್ಟಿ ಮರ ಸಿಗುವುದೇ ಕಷ್ಟ. ಸಿಕ್ಕರೂ ಅದು ಒಣಗುತ್ತಾ ತಿರುಚಿಕೊಳ್ಳುತ್ತದೆ, ಕುಗ್ಗುತ್ತದೆ. ತೂಕವೂ ಮೀಟರಿಗೆ 7 ಕಿಲೋ ಆಸುಪಾಸು. ಐ-ಬೀಮ್ ಅಷ್ಟೇ ಎತ್ತರಕ್ಕೆ 4 ಕಿಲೋ ಸುತ್ತಮುತ್ತ ತೂಗುತ್ತದೆ. ನಾಲ್ಕೂಕಾಲು ಮೀಟರ್ ದಾಟಿದ ಪಕ್ಕಾಸನ್ನೂ ಇಬ್ಬರು ಆರಾಮಾಗಿ ಎತ್ತಿ ಏಣಿ ಹತ್ತಬಹುದು.

ಇಂಥ ಬೀಮು ಜಾಸ್ತಿ ಬಳಕೆಯಾಗುವುದು ಮಹಡಿಯ ನೆಲಕ್ಕೆ. ಚಾವಣಿಗೂ ಆಗುತ್ತದೆ, ಆದರೆ ನಿಯಮಗಳು ಬೇರೆ. ಬೀಮಿನ ಜೊತೆ ಬಂದ ಕೈಪಿಡಿಯನ್ನೂ ಎಂಜಿನಿಯರ್ ಕೊಟ್ಟ ನಕ್ಷೆಯನ್ನೂ ಕೆಲಸ ಶುರುವಾಗುವ ಮುಂಚೆ ಬಡಗಿ, ಅವರ ಸಹಾಯಕ, ನಾನು ಮೂವರೂ ಕೂತು ಓದಿದೆವು. ಓದಿದ್ದರಲ್ಲಿ ಮುಖ್ಯವಾದುದು ಒಂದೇ ಮಾತು. ಫ್ಲೇಂಜನ್ನು, ಅಂದರೆ ಮೇಲಿನ ಕೆಳಗಿನ ಮರದ ಪಟ್ಟಿಗಳನ್ನು, ಮುಟ್ಟಬೇಡಿ. ವೆಬ್ ಅಂದರೆ ನಡುವಿನ ಹಲಗೆ, ಅದರಲ್ಲಿ ತೂತು ಕೊರೆಯಬಹುದು. ಅದಕ್ಕೂ ಜಾಗ, ಅಳತೆ ಎಲ್ಲಾ ಇದೆ. ಮೇಲಿನ ಕೆಳಗಿನ ಫ್ಲೇಂಜಿಗೆ ಮಾತ್ರ ಕಚ್ಚು ಹಾಕುವುದು, ತೂತು ಹೊಡೆಯುವುದು, ಸ್ವಲ್ಪ ಕೆತ್ತುವುದು ಯಾವುದೂ ಇಲ್ಲ. ಬಾಗುವಿಕೆಯ ಭಾರವನ್ನೆಲ್ಲಾ ಹೊರುವುದು ಆ ಎರಡು ಪಟ್ಟಿಗಳೇ. ಮೇಲಿನದು ಒತ್ತಡ ತಡೆಯುತ್ತದೆ, ಕೆಳಗಿನದು ಎಳೆತ ತಡೆಯುತ್ತದೆ. ವೆಬ್ ಕೆಲಸ ಅವೆರಡನ್ನೂ ದೂರ ದೂರ ಹಿಡಿದಿಡುವುದು.

ಗಟ್ಟಿ ಮರದಲ್ಲಿ ಪಳಗಿದವರಿಗೆ ಇದು ಒಗ್ಗುವುದು ಸುಲಭವಲ್ಲ. ಪಕ್ಕಾಸು ಗೋಡೆಯ ಮೇಲೆ ಕೂರಬೇಕಾದರೆ ಅಡಿಯಲ್ಲಿ ಒಂದು ಕಚ್ಚು ತೆಗೆಯುವುದು ಎಲ್ಲರ ರೂಢಿ ಅಲ್ವಾ? ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ವ್ಯತ್ಯಾಸ ನೆತ್ತಿಯಲ್ಲಿ. ಮಾಮೂಲಿ ಗೇಬಲ್ ಚಾವಣಿಯಲ್ಲಿ ಎದುರು ಬದುರು ಪಕ್ಕಾಸುಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ನೆತ್ತಿಯ ಹಲಗೆ ಸುಮ್ನೆ ನೇರ ಗೆರೆ ಕಾಪಾಡಲು ಇರುತ್ತದೆ, ಭಾರ ಹೊರುವುದಿಲ್ಲ. ಹಾಗೆ ಒರಗಿದ ಪಕ್ಕಾಸುಗಳು ಬುಡದಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಅದನ್ನು ತಡೆಯಲು ಅಡ್ಡ ತೊಲೆ ಬೇಕು. ಐ-ಬೀಮಿನಲ್ಲಿ ಈ ಪದ್ಧತಿ ನಡೆಯುವುದಿಲ್ಲ. ಅದರ ತುದಿ ಹಾಗೆ ಒರಗಿ ಒತ್ತಡ ತಿನ್ನುವುದಕ್ಕೆ ಮಾಡಿದ್ದಲ್ಲ. ನೆತ್ತಿಯಲ್ಲಿ ನಿಜವಾಗಿ ಭಾರ ಹೊರುವ ತೊಲೆ ಇರಲೇಬೇಕು. ಚಾವಣಿಯ ಅರ್ಧ ಭಾರ ಅದಕ್ಕೆ ಹೋಗುತ್ತದೆ, ಉಳಿದರ್ಧ ಎರಡು ಗೋಡೆಗಳಿಗೆ. ಪಕ್ಕಾಸಿನ ಎರಡೂ ತುದಿಗೆ ಕೆಳಗಿನಿಂದ ಆಸರೆ ಇರುವುದರಿಂದ ಗೋಡೆಗೆ ಹೊರನೂಕು ಇಲ್ಲ. ಹಾಗಾಗಿ ಅಡ್ಡ ತೊಲೆಯೂ ಬೇಡ. ನನಗೆ ಬೇಕಾದ ಬಯಲು ಹೀಗೆ ತಾನಾಗಿ ಸಿಕ್ಕಿತು.

ನೆತ್ತಿ ತೊಲೆಗೆ 90 ಮಿ.ಮೀ. ಅಗಲ, 400 ಮಿ.ಮೀ. ಎತ್ತರದ ಗ್ಲೂಲ್ಯಾಮ್, ಅಂದರೆ ಮರದ ಪದರಗಳನ್ನು ಅಂಟಿಸಿ ಮಾಡಿದ ತೊಲೆ, ಬಂತು. ಇಷ್ಟು ಎತ್ತರಕ್ಕೆ ಭಾರ ಮಾತ್ರವಲ್ಲ, ಇನ್ನೂ ಒಂದು ಕಾರಣ ಇದೆ. 300 ಮಿ.ಮೀ. ಪಕ್ಕಾಸಿನ ತುದಿಯನ್ನು 25 ಡಿಗ್ರಿಗೆ ಲಂಬವಾಗಿ ಕತ್ತರಿಸಿದರೆ ಆ ಮುಖದ ಉದ್ದ 331 ಮಿ.ಮೀ. ಆಗುತ್ತದೆ. ತೊಲೆ ಅದಕ್ಕಿಂತ ಗಿಡ್ಡ ಇದ್ದರೆ ಪಕ್ಕಾಸಿನ ಕೆಳ ಫ್ಲೇಂಜು ಗಾಳಿಯಲ್ಲಿ ನೇತಾಡುತ್ತದೆ. ತೊಲೆಗೆ ಎರಡು ಗೇಬಲ್ ಗೋಡೆಯಲ್ಲಿ, ಅಂದರೆ ಶೆಡ್ಡಿನ ಎರಡು ತುದಿಯ ತ್ರಿಕೋನ ತಲೆಯ ಗೋಡೆಗಳಲ್ಲಿ, ಒಂದೊಂದು ಕಂಬ, ನಡುವೆ ಒಂದು. ನಡುವಿನ ಕಂಬ ಕೋಣೆಯ ಮಧ್ಯದಲ್ಲಿ ನಿಲ್ಲುತ್ತದಲ್ಲಾ ಅಂತ ನನಗೆ ಬೇಸರ ಇತ್ತು. ಅದನ್ನು ಬಿಟ್ಟರೆ ತೊಲೆ ಇನ್ನೂ ದೈತ್ಯ ಆಗಬೇಕು, ಎತ್ತಲು ಕ್ರೇನ್ ಬೇಕು. ಕಂಬ ಉಳಿಯಿತು. ಅದರ ಬುಡಕ್ಕೆ ಬೇರೆಯೇ ಪಾಯ ಹಾಕಿದೆವು. ಚಾವಣಿಯ ಇಷ್ಟು ದೊಡ್ಡ ಪಾಲು ಒಂದೇ ಚುಕ್ಕಿಯಲ್ಲಿ ಇಳಿಯುವಾಗ ಮಾಮೂಲಿ ನೆಲದ ಕಾಂಕ್ರೀಟ್ ಮೇಲೆ ನಿಲ್ಲಿಸುವ ಹಾಗಿಲ್ಲ.

ಲೆಕ್ಕ ಹಾಕುವ ಕೆಲಸ ನನಗೆ ಬಂತು. ಗೋಡೆಯ ಹೊರಮುಖದಿಂದ ನೆತ್ತಿ ತೊಲೆಯ ಮುಖದವರೆಗೆ ಅಡ್ಡ ಅಳತೆ 3,555 ಮಿ.ಮೀ. ಇಳಿಜಾರಿನ ಮೇಲೆ ಅದು 3,923. ಸೂರು ಎಷ್ಟು ಚಾಚಬೇಕು ಅನ್ನುವುದನ್ನು ಚೆಂದ ನೋಡಿ ತೀರ್ಮಾನಿಸಲಿಲ್ಲ. ಬೀಮುಗಳು 9 ಮೀಟರ್ ಉದ್ದದಲ್ಲಿ ಬಂದಿದ್ದವು. ಒಂದರಲ್ಲಿ ಎರಡು ಪಕ್ಕಾಸು ಹುಟ್ಟಬೇಕು. ಮೊದಲ ಓರೆ ಕೊಯ್ತಕ್ಕೇ 140 ಮಿ.ಮೀ. ವ್ಯರ್ಥ. ಸೂರನ್ನು 500 ಮಿ.ಮೀ. ಮಾಡಿದರೆ ಎರಡನೇ ಪಕ್ಕಾಸು ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ತಪ್ಪಿಹೋಗುತ್ತದೆ. 400 ಮಾಡಿದರೆ ತಲಾ 4,364 ಮಿ.ಮೀ., ಕೊನೆಗೆ ಹದಿಮೂರು ಸೆಂಟಿಮೀಟರ್ ಮಿಗುತ್ತದೆ. ಸೂರು 400ಕ್ಕೆ ನಿಂತಿತು. ಪಕ್ಕಾಸಿನ ನಡುವಿನ ಅಂತರ 600. ಒಟ್ಟು 28 ಪಕ್ಕಾಸು 14 ಬೀಮಿನಲ್ಲಿ ಮುಗಿದವು. ಪಕ್ಕಾಸುಗಳ ನಡುವೆ ಕೂರಿಸುವ ತುಂಡು ಬ್ಲಾಕ್‌ಗಳನ್ನು ಕತ್ತರಿಸಲು ಇನ್ನೆರಡು ಬೀಮು.

ಬೀಮುಗಳನ್ನು ಇಳಿಸಿಕೊಂಡಾಗಲೇ ಒಂದು ಶಿಸ್ತು ಶುರುವಾಯಿತು. ಇವನ್ನು ಯಾವಾಗಲೂ ನಿಂತ ಭಂಗಿಯಲ್ಲೇ ಇಡಬೇಕು, ನಿಂತ ಭಂಗಿಯಲ್ಲೇ ಎತ್ತಬೇಕು. ಅಡ್ಡ ಮಲಗಿಸಿ ಎತ್ತಿದರೆ ಹಾವಿನ ಹಾಗೆ ಬಳುಕುತ್ತವೆ, ವೆಬ್ ಮತ್ತು ಫ್ಲೇಂಜ್ ಕೂಡುವ ಅಂಟಿನ ಜಾಗಕ್ಕೆ ಪೆಟ್ಟಾಗುತ್ತದೆ. ನೆಲಕ್ಕೆ ತಾಗದಂತೆ ಅಡಿಗೆ ಮರದ ತುಂಡು ಇಟ್ಟು, ಮೇಲೆ ಟಾರ್ಪಾಲು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಟ್ಟೆವು. ಓಎಸ್‌ಬಿ ನೀರು ಕುಡಿದರೆ ಅಂಚು ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ.

ಕತ್ತರಿಸುವುದರಲ್ಲೇ ನಿಜವಾದ ಕುಶಲತೆ ಇದೆ. ಸರ್ಕ್ಯುಲರ್ ಗರಗಸದ ತಳ ಸಮತಟ್ಟಾದ ಮರದ ಮೇಲೆ ಜಾರಬೇಕು. ಇಲ್ಲಿ ಫ್ಲೇಂಜ್ ಎತ್ತರದಲ್ಲಿ, ವೆಬ್ 24 ಮಿ.ಮೀ. ತಗ್ಗಿನಲ್ಲಿ. ಗರಗಸ ಫ್ಲೇಂಜ್ ದಾಟಿದ ಕೂಡಲೇ ತಗ್ಗಿಗೆ ಬಿದ್ದು ವಾಲುತ್ತದೆ, ಬ್ಲೇಡು ಸಿಕ್ಕಿಕೊಂಡು ಒದೆಯುತ್ತದೆ. ಅಪಾಯದ ಕೆಲಸ. ಬಡಗಿ ಇದಕ್ಕೆ 18 ಮಿ.ಮೀ. ಮತ್ತು 6 ಮಿ.ಮೀ. ಪ್ಲೈವುಡ್ ಒಂದರ ಮೇಲೊಂದು ಅಂಟಿಸಿ 24 ಮಿ.ಮೀ. ದಪ್ಪದ ತುಂಡು ಮಾಡಿದರು. ಎರಡು ಫ್ಲೇಂಜಿನ ನಡುವಿನ 222 ಮಿ.ಮೀ. ತಗ್ಗಿಗೆ ಅದು ಸಡಿಲವಾಗಿ ಕೂತಿತು. ಈಗ ಮೇಲ್ಮೈ ಒಂದೇ ಮಟ್ಟ. ಆ ತುಂಡಿನ ಮೇಲೆ 25 ಡಿಗ್ರಿ ಓರೆಯಲ್ಲಿ ಒಂದು ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿದರು. ಗರಗಸದ ತಳ ಆ ಪಟ್ಟಿಗೆ ಒರಗಿ ಹೋದರೆ ಆಯಿತು, ಪ್ರತಿ ಸಲ ಗುರುತು ಹಾಕುವ ತಾಪತ್ರಯ ಇಲ್ಲ. ಬ್ಲೇಡು ಒಂದೇ ಸಲಕ್ಕೆ 58 ಮಿ.ಮೀ. ಇಳಿಯುತ್ತಿತ್ತು, ತಿರುಗಿಸಿ ಎರಡನೇ ಸಲ ಕೊಯ್ಯಬೇಕಾಗಿ ಬರಲಿಲ್ಲ. ಮೊದಲ ಪಕ್ಕಾಸನ್ನು ಮೇಲೆ ಒಯ್ದು ಎರಡೂ ತುದಿ ಹೊಂದಿಸಿ ನೋಡಿ, ಅದನ್ನೇ ಮಾದರಿ ಮಾಡಿಕೊಂಡು ಉಳಿದದ್ದನ್ನು ಕೊಯ್ದೆವು. ಗಟ್ಟಿ ಮರದಲ್ಲಾದರೆ ಒಂದೊಂದರ ಡೊಂಕೂ ಬೇರೆ, ಒಂದೊಂದನ್ನೂ ನೋಡಿಯೇ ಕೊಯ್ಯಬೇಕು. ಇವು ಎಲ್ಲವೂ ಒಂದೇ ಅಚ್ಚು. ಬಡಗಿಯ ಅನುಮಾನ ಸ್ವಲ್ಪ ಕರಗಿದ್ದು ಇಲ್ಲೇ ಅನ್ನಿಸುತ್ತದೆ. ಬಾಯಿಬಿಟ್ಟು ಅವರೇನೂ ಹೇಳಲಿಲ್ಲ.

ಆಮೇಲೆ ವೆಬ್ ಸ್ಟಿಫ್ನರ್. ಪಕ್ಕಾಸು ಆಸರೆಯ ಮೇಲೆ ಕೂರುವ ಜಾಗದಲ್ಲಿ ವೆಬ್‌ಗೆ ಎರಡೂ ಬದಿಯಿಂದ ಹೊಡೆಯುವ ಪ್ಲೈವುಡ್ ತುಂಡು. ನೆತ್ತಿಯಲ್ಲಿ ಪಕ್ಕಾಸನ್ನು ಹಿಡಿಯುವುದು ಲೋಹದ ಓರೆ ಹ್ಯಾಂಗರ್, ಅಂದರೆ ಪಕ್ಕಾಸಿನ ತುದಿ ಕೂರುವ ಜೇಬಿನಂಥ ತಗಡು. ಅದರ ಪಕ್ಕದ ಕಿವಿಗಳ ಮೊಳೆಗೆ ಕಚ್ಚಿಕೊಳ್ಳಲು ಬರೀ 10 ಮಿ.ಮೀ. ವೆಬ್ ಸಾಲದು. ತುಂಡಿನ ಎತ್ತರ 219 ಮಿ.ಮೀ., ಅಂದರೆ ಜಾಗಕ್ಕಿಂತ 3 ಮಿ.ಮೀ. ಕಡಿಮೆ. ಕೆಳಗೆ ಫ್ಲೇಂಜಿಗೆ ಬಿಗಿಯಾಗಿ ಕೂರಿಸಿ, ಆ 3 ಮಿ.ಮೀ. ಸಂದನ್ನು ಮೇಲೆ ಬಿಡಬೇಕು. ಸಹಾಯಕ ಹುಡುಗನಿಗೆ ಇದು ಕಳಪೆ ಕೆಲಸದ ಹಾಗೆ ಕಂಡಿತು. "ಬಿಗಿಯಾಗಿ ಬಡಿದರೆ ಇನ್ನೂ ಗಟ್ಟಿ ಅಲ್ವಾ?" ಅಂದ. ಇಲ್ಲ. ಎರಡು ಫ್ಲೇಂಜಿನ ನಡುವೆ ಬಲವಂತವಾಗಿ ತುರುಕಿದರೆ ಆ ತುಂಡು ಬೆಣೆಯ ಕೆಲಸ ಮಾಡಿ, ಫ್ಲೇಂಜನ್ನು ವೆಬ್‌ನಿಂದ ಎಬ್ಬಿಸಿಬಿಡುತ್ತದೆ. ಅವನು ಒಂದು ತುಂಡು ಬೀಮಿನಲ್ಲಿ ತಾನೇ ಬಡಿದು ನೋಡಿದ. ಅಂಟಿನ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿಬಿಟ್ಟಿತು. ಆಮೇಲಿಂದ ಪ್ರತಿ ಸ್ಟಿಫ್ನರಿಗೂ ಅವನೇ 3 ಮಿ.ಮೀ. ತಗಡು ಹಿಡಿದು ಅಳೆಯುತ್ತಿದ್ದ.

ಇನ್ನು ಗೋಡೆಯ ಕಡೆಯ ತುದಿ. ಫ್ಲೇಂಜ್ ಮುಟ್ಟಬೇಡಿ ಅನ್ನುವ ಮಾತಿಗೆ ಕೈಪಿಡಿಯಲ್ಲಿ ಒಂದು ವಿನಾಯಿತಿ ಇದೆ, ಕೆಳಗಿನ ಆಸರೆಯಲ್ಲಿ ಮಾತ್ರ ಕಚ್ಚಿಗೆ ಅವಕಾಶ. ಅದೂ ಕಚ್ಚು ಗೋಡೆಯ ಒಳಮುಖ ದಾಟಬಾರದು, ಎರಡೂ ಬದಿ ಸ್ಟಿಫ್ನರ್ ಇರಬೇಕು. ಎಂಜಿನಿಯರ್ ಅದನ್ನೂ ಬೇಡ ಅಂದು ಓರೆ ಪ್ಲೇಟ್ ಬರೆದಿದ್ದರು. ಗೋಡೆಯ ಮೇಲಿನ 145 ಮಿ.ಮೀ. ಅಗಲದ ಪ್ಲೇಟಿನ ಮೇಲೆ, ಹೊರಗಡೆ ಚೂಪಾಗಿ ಒಳಗಡೆ 68 ಮಿ.ಮೀ. ದಪ್ಪ ಏರುವ ಉದ್ದುದ್ದದ ಮರದ ಬೆಣೆ. ಪಕ್ಕಾಸು ಅದರ ಮೇಲೆ ಇಡೀ ಅಗಲಕ್ಕೂ ಕೂರುತ್ತದೆ, ಫ್ಲೇಂಜ್ ಅಖಂಡವಾಗಿರುತ್ತದೆ. ಒಂದು ದಪ್ಪ ತೊಲೆಯನ್ನು ಮೂಲೆಯಿಂದ ಮೂಲೆಗೆ ಬ್ಯಾಂಡ್ ಗರಗಸದಲ್ಲಿ ಸೀಳಿಸಿದರೆ ಎರಡು ಬೆಣೆ ಸಿಗುತ್ತವೆ. ಕಚ್ಚು ತೆಗೆಯುವುದಕ್ಕೆ ಹೋಲಿಸಿದರೆ ಇದಕ್ಕೆ ಮರ ಜಾಸ್ತಿ ಬೇಕು, ಆದರೆ ನನಗೆ ಇದೇ ಇಷ್ಟ. ಪ್ರತಿ ಪಕ್ಕಾಸಿಗೂ ಬೇರೆ ಬೇರೆ ಕಚ್ಚು ತೆಗೆದು ಕಣ್ಣಳತೆ ಹೊಂದಿಸುವುದಕ್ಕಿಂತ, ಒಂದೇ ನೇರ ಬೆಣೆಯನ್ನು ದಾರ ಹಿಡಿದು ಕೂರಿಸುವುದು ವಾಸಿ. ಅದು ನೇರ ಕೂತರೆ ಚಾವಣಿ ನೇರ.

ಪಕ್ಕಾಸುಗಳನ್ನು ಏರಿಸುವ ಹೊತ್ತು ಎಲ್ಲಕ್ಕಿಂತ ಎಚ್ಚರದ ಹೊತ್ತು. ಒಂಟಿ ಐ-ಬೀಮು ಮೇಲೆ ಕೂತ ಮಾತ್ರಕ್ಕೆ ನಿಲ್ಲುವುದಿಲ್ಲ. ತಲೆಭಾರ, ಕಿರಿದಾದ ಬುಡ, ನಡುವೆ ತೆಳ್ಳಗಿನ ವೆಬ್. ಪಕ್ಕದಿಂದ ಸ್ವಲ್ಪ ಕೈ ತಾಗಿದರೂ ಹೊರಳುತ್ತದೆ. ಇದರ ಮೇಲೆ ಕಾಲಿಟ್ಟು ಬಿದ್ದವರ ಬಗ್ಗೆ ಎಚ್ಚರಿಕೆ ಕೈಪಿಡಿಗಳಲ್ಲೇ ಇರುತ್ತದೆ. ಮೊದಲು ಗೇಬಲ್ ಗೋಡೆಗೆ ಓರೆ ಊರುಗೋಲು ಕೊಟ್ಟು ಅಲುಗದಂತೆ ಮಾಡಿದೆವು. ಆಮೇಲೆ ನೆತ್ತಿಯ ಎರಡೂ ಪಕ್ಕದಲ್ಲಿ ಜೋಡಿ ಜೋಡಿಯಾಗಿ ಏರಿಸಿದೆವು. ಒಂದೇ ಕಡೆ ಏರಿಸುತ್ತಾ ಹೋದರೆ ನೆತ್ತಿ ತೊಲೆ ಆ ಕಡೆಗೆ ವಾಲುತ್ತದೆ. ಕೆಳಗೆ ಬೆಣೆಯ ಮೇಲೆ ಇಟ್ಟು, ಮೇಲಿನ ತುದಿಯನ್ನು ಹ್ಯಾಂಗರಿಗೆ ಇಳಿಸಿ, ಎರಡೂ ಕಡೆ ಮೊಳೆ ಹೊಡೆಯುವುದು. ಹೊಡೆದ ಕೂಡಲೇ 25×100 ಮಿ.ಮೀ. ಪಟ್ಟಿಯೊಂದನ್ನು ಮೇಲಿನ ಫ್ಲೇಂಜಿನ ಮೇಲೆ ಅಡ್ಡ ಹಾಯಿಸಿ, ಪ್ರತಿ ಪಕ್ಕಾಸಿಗೂ ಎರಡೆರಡು ಮೊಳೆ. ಇಂಥ ಪಟ್ಟಿಗಳ ನಡುವೆ 2.4 ಮೀಟರಿಗಿಂತ ಜಾಸ್ತಿ ಅಂತರ ಬಿಡುವಂತಿಲ್ಲ. ಪಟ್ಟಿಯ ತುದಿ ಗೇಬಲ್ ಗೋಡೆಗೆ ಕಟ್ಟಿರಲೇಬೇಕು. ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಒಂದೇ ಕಡೆ ಮಲಗಿಕೊಳ್ಳುತ್ತವೆ.

ಹ್ಯಾಂಗರಿನ ಪ್ರತಿ ತೂತಿಗೂ ಮೊಳೆ ಬೀಳಬೇಕು, ಹೇಳಿದ ಅಳತೆಯದೇ ಬೀಳಬೇಕು. ಇದು ಬೇಜಾರಿನ ಕೆಲಸ, ಸಂಜೆ ಹೊತ್ತಿಗೆ ಕೈ ನೋಯುತ್ತದೆ. ತಪ್ಪಿಸಿಕೊಳ್ಳುವ ದಾರಿ ಇಲ್ಲ. ಸೂರಿನ ಕಡೆ ಪ್ರತಿ ಪಕ್ಕಾಸನ್ನೂ ಲೋಹದ ಪಟ್ಟಿಯಿಂದ ಗೋಡೆಗೆ ಬಿಗಿದೆವು. ಗಾಳಿ ಬೀಸುವಾಗ ಸೂರಿನ ಅಡಿಗೆ ನುಗ್ಗಿ ಚಾವಣಿಯನ್ನು ಮೇಲಕ್ಕೆತ್ತುತ್ತದೆ. ಹಗುರವಾದ ಚಾವಣಿಗೆ ಈ ಭಯ ಇನ್ನೂ ಜಾಸ್ತಿ. ನೆತ್ತಿಯ ಮೇಲೂ ಎದುರು ಬದುರು ಪಕ್ಕಾಸುಗಳನ್ನು ಕೂಡಿಸುವ ಪಟ್ಟಿಗಳು ಬಂದವು.

ಗೋಡೆಯ ಮೇಲೆ ಪಕ್ಕಾಸುಗಳ ನಡುವೆ ಐ-ಬೀಮಿನದೇ ಬ್ಲಾಕ್, ಒಂದೊಂದೂ 542 ಮಿ.ಮೀ. ಪಕ್ಕಾಸು ಹೊರಳದಂತೆ ಶಾಶ್ವತವಾಗಿ ಹಿಡಿಯುವುದು ಇವೇ. ಅಂದರೆ ತೇವ ಕೂರದಂತೆ ಸೂರಿನಿಂದ ಚಾವಣಿಯೊಳಗೆ ಬರಬೇಕಾದ ಗಾಳಿಯ ದಾರಿಗೂ ಇವೇ ಅಡ್ಡ ನಿಲ್ಲುತ್ತವೆ. ಅದಕ್ಕೆ ಬ್ಲಾಕಿನ ತಲೆಯಲ್ಲಿ ವಿ ಆಕಾರದ ಕಚ್ಚು ತೆಗೆದೆವು. ಬ್ಲಾಕ್ ಬಾಗುವ ಭಾರ ಹೊರುವುದಿಲ್ಲ, ಹಾಗಾಗಿ ಅದರ ಫ್ಲೇಂಜ್ ಕತ್ತರಿಸಲು ನಕ್ಷೆಯಲ್ಲೇ ಅನುಮತಿ ಇತ್ತು. ಬಡಗಿ ಆ ಕಚ್ಚುಗಳನ್ನು ಬಹಳ ಸಂತೋಷದಿಂದ ತೆಗೆದರು.

ಗೇಬಲ್ ಕಡೆಯ ಚಾಚು ಇನ್ನೊಂದು ತಲೆನೋವು. ಮಾಮೂಲಿಯಾಗಿ ಕೊನೆಯ ಪಕ್ಕಾಸಿನ ಬೆನ್ನಿಗೆ ಕಚ್ಚು ತೆಗೆದು ಅಡ್ಡ ಮರಗಳನ್ನು ಹೊರಕ್ಕೆ ಚಾಚುತ್ತಾರೆ. ಇಲ್ಲಿ ಮೇಲಿನ ಫ್ಲೇಂಜಿಗೆ ಕಚ್ಚು ಇಲ್ಲ. ಆದ್ದರಿಂದ ಗೇಬಲ್ ಗೋಡೆಯನ್ನೇ ಅಡ್ಡ ಮರದ ಎತ್ತರದಷ್ಟು ಕೆಳಗೆ ನಿಲ್ಲಿಸಿದ್ದೆವು. ಅಡ್ಡ ಮರ ಗೋಡೆಯ ತಲೆಯ ಮೇಲೆ ಹಾಯ್ದು, ಒಳಗಡೆ ಮೊದಲ ಪಕ್ಕಾಸಿನ ವೆಬ್‌ಗೆ ಬಂದು ನಿಲ್ಲುತ್ತದೆ. ಅಲ್ಲಿ ವೆಬ್ ತಗ್ಗನ್ನು 24 ಮಿ.ಮೀ. ಪ್ಲೈವುಡ್ಡಿನಿಂದ ತುಂಬಿ, ಚಿಕ್ಕ ಹ್ಯಾಂಗರಿನಲ್ಲಿ ಕೂರಿಸಿದೆವು. ಒಳಗೆ 600, ಹೊರಗೆ 400. ಒಳಗಿನ ಪಾಲು ಜಾಸ್ತಿ ಇದ್ದರೇ ಹೊರಗಿನದು ಜೋತು ಬೀಳದೆ ನಿಲ್ಲುವುದು. ಗೋಡೆ ಕಟ್ಟುವ ಮೊದಲೇ ಇದು ಗೊತ್ತಿರಬೇಕು, ಕಟ್ಟಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಮೇಲಿನ ಹೊದಿಕೆ ಬೇಗ ಮುಗಿಯಿತು. 18 ಮಿ.ಮೀ. ಓಎಸ್‌ಬಿ ಹಲಗೆ, ಸಾಲಿನಿಂದ ಸಾಲಿಗೆ ಸಂದು ತಪ್ಪಿಸಿ, ಹಲಗೆ ಹಿಗ್ಗಲು 3 ಮಿ.ಮೀ. ಜಾಗ ಬಿಟ್ಟು. 58 ಮಿ.ಮೀ. ಫ್ಲೇಂಜಿನ ಮೇಲೆ ಎರಡು ಹಲಗೆ ಕೂಡುವಾಗ ಒಂದೊಂದಕ್ಕೂ ಮೂರು ಸೆಂಟಿಮೀಟರಿಗಿಂತ ಕಡಿಮೆ ಸಿಗುತ್ತದೆ. ಹಾಗಾಗಿ ಗೆರೆ ಹೊಡೆದುಕೊಂಡೇ ಮೊಳೆ ಹೊಡೆಯಬೇಕು. ಅದರ ಮೇಲೆ ನೀರು ತಡೆಯುವ ಹಾಳೆ, ರೀಪು, ತಗಡು. ಇದರಲ್ಲಿ ಹೊಸದೇನಿಲ್ಲ. ಹಲಗೆ ಬಿಗಿದ ಮೇಲೆ ಇಡೀ ಚಾವಣಿ ಒಂದೇ ತುಂಡಾಯಿತು, ತಾತ್ಕಾಲಿಕ ಪಟ್ಟಿಗಳನ್ನು ಒಂದೊಂದಾಗಿ ಕಿತ್ತೆವು.

ಇನ್ಸುಲೇಷನ್ ತುಂಬುವಾಗ ಅಂಗಡಿಯಲ್ಲಿ ಸಿಗುವ ಅಳತೆ ನಂಬಬೇಡಿ. 600 ಅಂತರದ ಗಟ್ಟಿ ಮರದ ಪಕ್ಕಾಸಿಗೆಂದು ಮಾಡಿದ ಉಣ್ಣೆಯ ಪದರ ಸುಮಾರು 565 ಮಿ.ಮೀ. ಅಗಲ ಇರುತ್ತದೆ. ಇಲ್ಲಿ ಫ್ಲೇಂಜಿನ ನಡುವೆ 542, ಆದರೆ ವೆಬ್‌ನಿಂದ ವೆಬ್‌ಗೆ 590. ಕಿರಿದಾದುದನ್ನು ಹಾಕಿದರೆ ಫ್ಲೇಂಜಿನ ಮರೆಯಲ್ಲಿ ಎರಡೂ ಕಡೆ ಖಾಲಿ ಸಂದು ಉಳಿಯುತ್ತದೆ, ಕಣ್ಣಿಗೂ ಕಾಣುವುದಿಲ್ಲ. ನಾವು 600 ಅಗಲದ್ದನ್ನು ತಂದು, ಸ್ವಲ್ಪ ಮಡಚಿ ಫ್ಲೇಂಜ್ ದಾಟಿಸಿ, ಒಳಗೆ ಬಿಚ್ಚಿಕೊಳ್ಳಲು ಬಿಟ್ಟೆವು. ಮೂಲೆಗಳಿಗೆ ಬೆರಳು ತೂರಿಸಿ ಒತ್ತಿದೆವು. ಮೇಲೆ ಹಲಗೆಯ ಅಡಿಗೆ 50 ಮಿ.ಮೀ. ಗಾಳಿಗೆಂದು ಉಳಿಯಲು ತೆಳ್ಳಗಿನ ಹಾರ್ಡ್‌ಬೋರ್ಡನ್ನು ಮೊದಲೇ ಹೊಡೆದಿದ್ದೆವು. ಸೂರಿನಲ್ಲಿ ಒಳಬಂದ ಗಾಳಿ ನೆತ್ತಿಯ ಸೀಳಿನಲ್ಲಿ ಹೊರಗೆ ಹೋಗುತ್ತದೆ. ಈ ಜಾಗಕ್ಕಾಗಿ ಸ್ವಲ್ಪ ಇನ್ಸುಲೇಷನ್ ಬಿಟ್ಟುಕೊಟ್ಟರೂ ನಷ್ಟವಿಲ್ಲ, ತೇವ ಒಳಗೆ ಕೂತರೆ ಓಎಸ್‌ಬಿ ಉಳಿಯುವುದಿಲ್ಲ.

ಕೊನೆಗೆ ಬಂದವರು ವೈರಿಂಗ್ ಮಾಡುವವರು. ಡ್ರಿಲ್ ಹಿಡಿದು ನೇರ ಕೆಳ ಫ್ಲೇಂಜಿಗೇ ಗುರಿ ಇಟ್ಟರು. ಬಡಗಿ ಅವರನ್ನು ಅಲ್ಲೇ ತಡೆದು, ವೆಬ್‌ನಲ್ಲಿ ಕಾರ್ಖಾನೆಯಲ್ಲೇ ಗುರುತು ಒತ್ತಿದ 38 ಮಿ.ಮೀ. ದುಂಡು ತೋರಿಸಿ, ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಬಿಲ್ಲೆ ಕಳಚಿ ಬಿತ್ತು, ವೈರು ಆ ದಾರಿಯಲ್ಲೇ ಹೋಯಿತು.